ಕರೆಯಲ್ಲಿ ಜಾರುವ ವೇಗ

ನೂರು ಮೀಟರ್ ಓಟಕ್ಕೆ ಒಂದು ನಿಯಮವಿದೆ. ಓಟಗಾರನ ಬೆನ್ನಿಗೆ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ದಾಟಿದರೆ, ಅವನು ಎಷ್ಟೇ ಬೇಗ ಗುರಿ ಮುಟ್ಟಿದರೂ ಅದು ದಾಖಲೆಯ ಪುಸ್ತಕಕ್ಕೆ ಸೇರುವುದಿಲ್ಲ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ಓಡಿದಾಗ ಬೆನ್ನಿಗಿದ್ದ ಗಾಳಿ 0.9 ಮೀಟರ್. ಗಾಳಿಯ ಸಹಾಯವನ್ನೂ ಬಿಡದೆ ಅಳೆಯುವ ಆಟ ಅದು. ಆ ಆಟದ ಚಾಂಪಿಯನ್ನಿನ ಪಕ್ಕಕ್ಕೆ, ಮುಂದೆ ಎರಡು ಕೋಣ ಕಟ್ಟಿಕೊಂಡು ಓಡಿದವನನ್ನು ತಂದು ನಿಲ್ಲಿಸಿ ‘ಬೋಲ್ಟ್‌ನನ್ನು ಮೀರಿಸಿದ’ ಎಂದು ಇಡೀ ದೇಶ 2020ರ ಫೆಬ್ರವರಿಯಲ್ಲಿ ಕುಣಿದಾಡಿತು.

ಸಂಗತಿ ಎಲ್ಲರಿಗೂ ನೆನಪಿರಬಹುದು. ಆ ತಿಂಗಳ ಮೊದಲ ದಿನ ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರ್ ಉದ್ದದ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ ಅದನ್ನು ನೂರು ಮೀಟರಿಗೆ ಇಳಿಸಿದರು, 9.55 ಬಂತು. ಎರಡು ವಾರದೊಳಗೆ ಆ ಅಂಕಿ ಮೊಬೈಲಿನಿಂದ ಮೊಬೈಲಿಗೆ ಹಾರಿ ದೆಹಲಿ ಮುಟ್ಟಿತು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಗೌಡರನ್ನು ಕ್ರೀಡಾ ಪ್ರಾಧಿಕಾರದ ತರಬೇತುದಾರರ ಮುಂದೆ ಪರೀಕ್ಷೆಗೆ ಕರೆದರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿ ಕೊಟ್ಟು ಸನ್ಮಾನ ಮಾಡಿದರು. ಕಟ್ಟಡ ಕೆಲಸ ಮಾಡಿಕೊಂಡಿದ್ದ ಇಪ್ಪತ್ತೆಂಟರ ಯುವಕ ಒಂದೇ ವಾರದಲ್ಲಿ ವಿದೇಶಿ ಪತ್ರಿಕೆಗಳಲ್ಲೂ ಕಾಣಿಸಿಕೊಂಡರು.

ಇದನ್ನೆಲ್ಲ ದಕ್ಷಿಣ ಕನ್ನಡದ ಕೊಯಿಲದ ಕಡೆಯವರು ನೋಡಿದ ರೀತಿಯೇ ಬೇರೆ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಈ ಊರಿನ ಗುರುತೇ ಜಾನುವಾರು. ನೂರಾರು ಎಕರೆ ಹುಲ್ಲುಗಾವಲಿನ ನಡುವೆ ಸರ್ಕಾರದ ಜಾನುವಾರು ಸಂವರ್ಧನಾ ಕೇಂದ್ರವಿದೆ. ಮಲೆನಾಡು ಗಿಡ್ಡ ತಳಿಯನ್ನು ಉಳಿಸುವ ಕೆಲಸ ಅಲ್ಲಿ ನಡೆಯುತ್ತದೆ. ಪಶು ವೈದ್ಯಕೀಯ ಕಾಲೇಜಿಗೆ ಜಾಗ ಕೊಟ್ಟದ್ದೂ ಅಲ್ಲೇ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಗುಡ್ಡದ ಹಸಿರಿನಲ್ಲಿ ಫೋಟೊ ತೆಗೆಸಿಕೊಳ್ಳಲು ದೂರದೂರಿನಿಂದ ಜನ ಬರುತ್ತಾರೆ. ಕಂಬಳದ ಹುಚ್ಚಿನವರಿಗೆ ಒಂದು ಕಡೆ ನೇತ್ರಾವತಿಯ ದಡದಲ್ಲಿ ಉಪ್ಪಿನಂಗಡಿಯ ವಿಜಯ-ವಿಕ್ರಮ ಕರೆ, ಇನ್ನೊಂದು ಕಡೆ ಮಹಾಲಿಂಗೇಶ್ವರ ದೇವಳದ ಎದುರಿನ ದೇವರಮಾರು ಗದ್ದೆಯಲ್ಲಿ ಪುತ್ತೂರಿನ ಕೋಟಿ-ಚೆನ್ನಯ ಕರೆ. ಎರಡೂ ಕೈಗೆಟಕುವ ದೂರದಲ್ಲಿವೆ. ಪ್ರಾಣಿಯ ಮೈ ಬಲ್ಲ ಇಂಥ ಊರಿನವರಿಗೆ ಬೋಲ್ಟ್ ಹೋಲಿಕೆ ಕೇಳಿ ಹೆಮ್ಮೆ ಅನಿಸಿದ್ದು ನಿಜ, ಒಳಗೊಳಗೇ ನಗುವೂ ಬಂದಿತ್ತು. ಕೋಣದ ಪಾಲನ್ನು ಯಾರ ಲೆಕ್ಕಕ್ಕೆ ಬರೆಯುವುದು ಎಂಬ ಪ್ರಶ್ನೆ ಇಲ್ಲಿಯ ಮಕ್ಕಳಿಗೂ ಹೊಳೆಯುತ್ತದೆ.

ಹಾಗೆಂದು ಶ್ರೀನಿವಾಸ ಗೌಡರ ಸಾಧನೆ ಸಣ್ಣದೆಂದು ಅರ್ಥವಲ್ಲ. ಅದನ್ನು ತೂಗಿದ ತಕ್ಕಡಿ ತಪ್ಪು ಎನ್ನುವುದಷ್ಟೇ ನನ್ನ ಮಾತು. ಕಂಬಳದ ಓಟಗಾರನನ್ನು ತೂಗಬೇಕಾದದ್ದು ಬೋಲ್ಟ್ ಜತೆಯಲ್ಲ, ಸ್ಪೀಡ್ ಸ್ಕೇಟರ್‌ಗಳ ಜತೆ.

ಸ್ಪೀಡ್ ಸ್ಕೇಟಿಂಗ್ ಎಂದರೆ ನಮ್ಮ ಕಡೆ ಶಾಲೆಯ ಅಂಗಳದಲ್ಲಿ ಹೆಲ್ಮೆಟ್ ಹಾಕಿದ ಪುಟ್ಟ ಮಕ್ಕಳು ಗಾಲಿಯ ಮೇಲೆ ಸುತ್ತು ಹೊಡೆಯುವ ನೋಟ ಕಣ್ಣ ಮುಂದೆ ಬರುತ್ತದೆ. ಅದು ಆ ಆಟದ ಬಾಲ್ಯ. ಅದರ ಪ್ರಾಯ ಕಾಣಬೇಕಿದ್ದರೆ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ ಅವರನ್ನು ನೋಡಬೇಕು. 2021ರಲ್ಲಿ ಕೊಲಂಬಿಯಾದಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರಿಗೆ ಬೆಳ್ಳಿ ಬಂತು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ಕಂಚು ಗೆದ್ದ ತಂಡದಲ್ಲಿ ಅವರಿದ್ದರು. 2025ರ ಆಗಸ್ಟ್‌ನಲ್ಲಿ ಚೀನಾದ ಚೆಂಗ್ಡು ವರ್ಲ್ಡ್ ಗೇಮ್ಸ್‌ನಲ್ಲಿ 1000 ಮೀಟರ್ ಸ್ಪ್ರಿಂಟ್‌ನ ಕಂಚು ಅವರದು. ಮರುತಿಂಗಳು ಚೀನಾದ ಬೈದೈಹೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ 1000 ಮೀಟರನ್ನು 1 ನಿಮಿಷ 24.924 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು, 500 ಮೀಟರ್‌ನಲ್ಲಿ ಕಂಚು, 42 ಕಿಲೋಮೀಟರ್ ಮ್ಯಾರಥಾನ್‌ನಲ್ಲಿ ಮತ್ತೊಂದು ಚಿನ್ನ. ಸ್ಪ್ರಿಂಟ್ ಮತ್ತು ಮ್ಯಾರಥಾನ್ ಎರಡನ್ನೂ ಒಬ್ಬನೇ ಗೆಲ್ಲುವುದು ಕಾಲಿನ ಓಟದಲ್ಲಿ ಊಹಿಸಲಿಕ್ಕೂ ಆಗದ ಮಾತು.

ಆ 1000 ಮೀಟರ್ ಓಟದ ಸರಾಸರಿ ವೇಗ ಗಂಟೆಗೆ 42 ಕಿಲೋಮೀಟರ್ ದಾಟುತ್ತದೆ. ಬೋಲ್ಟ್‌ನ 9.58ರ ಸರಾಸರಿ ಗಂಟೆಗೆ 37.6 ಕಿಲೋಮೀಟರ್. ಹಾಗಿದ್ದೂ ಚೆನ್ನೈ ಹುಡುಗ ಬೋಲ್ಟ್‌ನನ್ನು ಮೀರಿಸಿದ ಎಂದು ಯಾರೂ ಸುದ್ದಿ ಮಾಡಲಿಲ್ಲ. ಕಾಲಿನಡಿ ಗಾಲಿಯಿದೆ, ಆಟವೇ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಐಕಳದ ಕರೆಯ ಸರಾಸರಿ ವೇಗವೂ ಗಂಟೆಗೆ 37.7 ಕಿಲೋಮೀಟರ್. ಅಲ್ಲಿ ಮಾತ್ರ, ಕೆಸರಿನಲ್ಲಿ ಓಡಿದವನ ಮುಂದೆ ಏನಿತ್ತು ಎಂಬುದನ್ನು ಎಲ್ಲರೂ ಮರೆತರು.

ಸ್ಕೇಟರ್ ತನ್ನ ವೇಗವನ್ನು ಕಾಲಿನಿಂದಲೇ ಹುಟ್ಟಿಸುತ್ತಾನೆ, ನಿಜ. ಮಂಡಿ ಬಗ್ಗಿಸಿ, ಬೆನ್ನು ನೆಲಕ್ಕೆ ಸಮವಾಗುವಷ್ಟು ತಗ್ಗಿ, ಹಿಂದಕ್ಕಲ್ಲ, ಪಕ್ಕಕ್ಕೆ ಒದೆಯುತ್ತಾನೆ. ಆದರೆ ಒಮ್ಮೆ ವೇಗ ಹುಟ್ಟಿದ ಮೇಲೆ ಅದು ಅವನ ಮಾತು ಕೇಳುವುದಿಲ್ಲ. ಅಲ್ಲಿಂದ ಮುಂದೆ ಅವನ ವಿದ್ಯೆಯೆಲ್ಲ ಆ ವೇಗದೊಳಗೆ ಬೀಳದೆ ಉಳಿಯುವುದರಲ್ಲಿದೆ. ತಿರುವಿನಲ್ಲಿ ಮೈ ಒಳಕ್ಕೆ ವಾಲಬೇಕು. ಸ್ವಲ್ಪ ಹೆಚ್ಚು ವಾಲಿದರೆ ಗಾಲಿ ಜಾರಿತು, ಕಡಿಮೆ ವಾಲಿದರೆ ಹೊರಕ್ಕೆ ಎಸೆದೀತು. ಕಂಬಳದಲ್ಲಿ ವೇಗ ಹುಟ್ಟಿಸುವುದು ಕೋಣ. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ. ಹಗ್ಗ ಹಿಡಿದವನು ಮುಂದಕ್ಕೆ ಬಾಗುವುದಿಲ್ಲ, ಹಿಂದಕ್ಕೆ ವಾಲುತ್ತಾನೆ. ಹಿಮ್ಮಡಿ ಊರಿ ಕೆಸರನ್ನು ಸೀಳುತ್ತಾ ಹೋಗುತ್ತಾನೆ. ಅವನ ಒಂದೊಂದು ಹೆಜ್ಜೆಯೂ ಅರ್ಧ ಓಟ, ಅರ್ಧ ಜಾರುವಿಕೆ. ದೆಹಲಿಯಿಂದ ಕರೆ ಬಂದಾಗ ಶ್ರೀನಿವಾಸ ಗೌಡರು ಹೇಳಿದ ಮಾತಿನ ಸಾರವೂ ಇದೇ ಆಗಿತ್ತು: ಕಂಬಳದಲ್ಲಿ ಕೆಲಸ ಹಿಮ್ಮಡಿಯದು, ಟ್ರ್ಯಾಕಿನಲ್ಲಿ ಕಾಲ್ಬೆರಳಿನದು. ನನ್ನ ವೇಗದಲ್ಲಿ ಕೋಣಗಳ ಪಾಲಿದೆ ಎಂದೂ ಅವರು ಸೇರಿಸಿದ್ದರು. ಕ್ರೀಡಾ ವಿಜ್ಞಾನದ ಪಂಡಿತರು ಪುಟಗಟ್ಟಲೆ ಬರೆದರೂ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರರು.

ಕಂಬಳದಲ್ಲೇ ಸ್ಕೇಟಿಂಗ್ ಕೂಡ ಇದೆ. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂದು ನಾಲ್ಕು ಸ್ಪರ್ಧೆ. ಅವುಗಳಲ್ಲಿ ಮನುಷ್ಯ ಓಡುತ್ತಾನೆ. ಉಳಿದ ಎರಡರಲ್ಲಿ, ಅಂದರೆ ಅಡ್ಡಹಲಗೆ ಮತ್ತು ಕನೆಹಲಗೆಯಲ್ಲಿ, ಅವನು ಓಡುವುದೇ ಇಲ್ಲ. ಅಡ್ಡಹಲಗೆಯವನು ಕೋಣಗಳಿಗೆ ಕಟ್ಟಿದ ಹಲಗೆಯ ಮೇಲೆ ನಿಂತು, ಕೆಸರು ನೀರಿನ ಮೇಲೆ ಜಾರಿಕೊಂಡು ಗುರಿ ಸೇರುತ್ತಾನೆ. ಗಾಲಿಯಿಲ್ಲ, ಉಕ್ಕಿನ ಅಲಗಿಲ್ಲ, ಹೆಲ್ಮೆಟ್ ಇಲ್ಲ. ಬರಿಗಾಲು, ಒದ್ದೆ ಮರ, ಎದುರಿಗೆ ಕೋಣಗಳ ಗೊರಸು ಎರಚುವ ಕೆಸರು. ಕಣ್ಣು ಅರೆಮುಚ್ಚಿಕೊಂಡೇ ಅವನು ಕರೆಯ ನಡುಗೆರೆ ಹಿಡಿಯಬೇಕು. ಕನೆಹಲಗೆಯವನದು ಇನ್ನೂ ಕಷ್ಟ. ತೂತು ಕೊರೆದ ಸಣ್ಣ ಹಲಗೆಯ ಮೇಲೆ ಒಂದು ಕಾಲು ಊರಿ, ಅದನ್ನು ನೀರಿಗೆ ಒತ್ತಿ ಹಿಡಿಯಬೇಕು. ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರ. ಇಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ, ನೀರು ಎಷ್ಟು ಎತ್ತರ ಹಾರಿತು ಎಂಬುದೇ ತೀರ್ಪು. ಒತ್ತಡ ಕಡಿಮೆಯಾದರೆ ನೀರು ಏಳುವುದಿಲ್ಲ, ಹೆಚ್ಚಾದರೆ ಹಲಗೆ ಕೆಸರಿಗೆ ಹೂತು ಮನುಷ್ಯ ಮಗುಚಿ ಬೀಳುತ್ತಾನೆ. ತೆಕ್ಕಟ್ಟೆ ಸುಧೀರ್ ದೇವಾಡಿಗ, ನಾರಾವಿ ಯುವರಾಜ್ ಜೈನ್, ಭಟ್ಕಳ ಹರೀಶ್ ಮುಂತಾದ ಹೆಸರುಗಳು ಕರಾವಳಿಯ ಕಂಬಳ ಪ್ರಿಯರಿಗೆ ಚಿರಪರಿಚಿತ. ಇವರು ಹಲಗೆಯವರು. ಬೋಲ್ಟ್ ಗದ್ದಲದಲ್ಲಿ ಇವರ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ, ಏಕೆಂದರೆ ಇವರ ಸಾಧನೆಯನ್ನು ನೂರು ಮೀಟರಿಗೆ ಇಳಿಸಿ ಸುದ್ದಿ ಮಾಡಲು ಬರುವುದಿಲ್ಲ.

ಗಾಲಿಯಿಂದ ಮಂಜಿಗೆ ಹೋದವರ ಕಥೆಯೊಂದನ್ನು ಇಲ್ಲಿ ಹೇಳಬೇಕು. ಅಮೆರಿಕದ ಎರಿನ್ ಜಾಕ್ಸನ್ ಮೂಲತಃ ಗಾಲಿಯ ಸ್ಕೇಟರ್. 2017ರಲ್ಲಿ ಮಂಜಿನ ಅಂಗಳಕ್ಕೆ ಇಳಿದರು. 2022ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಅವರು 500 ಮೀಟರ್‌ನಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದರು. ಆದರೆ ತಮ್ಮ ದೇಶದ ಆಯ್ಕೆ ಸ್ಪರ್ಧೆಯಲ್ಲಿ ಕಾಲು ಜಾರಿ ಮೂರನೆಯವರಾದರು. ಸ್ಥಾನ ಕೈತಪ್ಪಿತ್ತು. ಆಗ ಗೆಳತಿ ಬ್ರಿಟನಿ ಬೋವ್ ತಮಗೆ ಸಿಕ್ಕಿದ್ದ ಸ್ಥಾನವನ್ನು ಬಿಟ್ಟುಕೊಟ್ಟರು. ಬೀಜಿಂಗ್‌ನಲ್ಲಿ ಜಾಕ್ಸನ್ 37.04 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಚಳಿಗಾಲದ ಒಲಿಂಪಿಕ್ಸ್‌ನ ವೈಯಕ್ತಿಕ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಅವರು. ಸ್ಪ್ರಿಂಟ್ ಸ್ಕೇಟರ್‌ನ ವೃತ್ತಿಯ ಸ್ವಭಾವವೇ ಅಂಥದು. ವರ್ಷಗಟ್ಟಲೆ ಕಟ್ಟಿದ್ದು ಒಂದು ಹೆಜ್ಜೆ ಜಾರಿದರೆ ಹೋಯಿತು.

ನಮ್ಮ ದೇಶದಲ್ಲಿ ಮಂಜಿನ ಅಂಗಳ ಬೆರಳೆಣಿಕೆ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಒಳಾಂಗಣ ರಿಂಕ್ ವರ್ಷಾನುಗಟ್ಟಲೆ ಬೀಗ ಹಾಕಿಕೊಂಡು ಬಿದ್ದಿದ್ದು 2025ರಲ್ಲಷ್ಟೇ ಮತ್ತೆ ತೆರೆಯಿತು. ಲೇಹ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಹೆಪ್ಪುಗಟ್ಟಿದ ಕೊಳದ ಮೇಲೆ ಕರ್ನಾಟಕದ ಸ್ಕೇಟರ್‌ಗಳು ಪದಕ ಗೆದ್ದಿದ್ದಾರೆ. ಮಂಜು ಬೀಳದ ನಾಡಿನಿಂದ ಹೋಗಿ ಗೆದ್ದವರಿಗೆ ಗಾಲಿಯ ಪಾಠವೇ ಬುನಾದಿ.

ಮತ್ತೆ ಕರೆಗೆ ಬರೋಣ. ಕಂಬಳದ ಓಟಗಾರನ ವೃತ್ತಿ ಹೇಗೆ ಬೆಳೆಯುತ್ತದೆ? ಮೊದಲೆಲ್ಲ ಯಾವುದೋ ಮನೆಯ ಕೋಣಗಳ ಆರೈಕೆಗೆ ನಿಂತ ಹುಡುಗ, ತೊಳೆದು, ಎಣ್ಣೆ ಹಚ್ಚಿ, ಹುರುಳಿ ಬೇಯಿಸಿ ಕೊಟ್ಟು, ಒಂದು ದಿನ ಹಗ್ಗ ಹಿಡಿಯುತ್ತಿದ್ದ. ಮನೆತನದ ಕೋಣ, ಮನೆತನದ ಓಟಗಾರ ಎಂಬ ನಂಟು ಅದು. 2011ರಲ್ಲಿ ಕಾರ್ಕಳದ ಮಿಯಾರಿನಲ್ಲಿ ಕೆ. ಗುಣಪಾಲ ಕಡಂಬರು ಕಂಬಳ ಅಕಾಡೆಮಿ ಕಟ್ಟಿ ಯುವಕರಿಗೆ ಶಿಬಿರ ನಡೆಸಲು ಆರಂಭಿಸಿದ ಮೇಲೆ ಚಿತ್ರ ಸ್ವಲ್ಪ ಬದಲಾಯಿತು. ಶ್ರೀನಿವಾಸ ಗೌಡರು ಆ ಶಿಬಿರದಲ್ಲಿ ಕಲಿತವರು. ದೇಹದ ಕಸರತ್ತು, ಯೋಗ, ಕೋಣದ ಸ್ವಭಾವ ತಿಳಿಯುವ ಪಾಠ ಎಲ್ಲವೂ ಸೇರಿದ ತರಬೇತಿ ಅದು. ಅಲ್ಲಿಂದ ಈಚೆಗೆ ಓಟಗಾರನೆಂದರೆ ಒಂದು ಮನೆಗೆ ಅಂಟಿಕೊಂಡವನಲ್ಲ, ಬೇರೆಬೇರೆ ಯಜಮಾನರ ಕೋಣಗಳನ್ನು ಬೇರೆಬೇರೆ ವಿಭಾಗಗಳಲ್ಲಿ ಓಡಿಸುವ ನುರಿತ ಆಳು.

ಇಲ್ಲೊಂದು ಕಷ್ಟವಿದೆ, ಬೋಲ್ಟ್‌ಗೂ ಸ್ಕೇಟರ್‌ಗೂ ಇಲ್ಲದ್ದು. ಸ್ಕೇಟರ್ ಒಂದು ಸುತ್ತು ಓಡಿ ಬಂದರೆ ಬಿಸಿ ಬಟ್ಟೆ ಹೊದ್ದು ಕೂರುತ್ತಾನೆ. ಕಂಬಳ ಶನಿವಾರ ಬೆಳಿಗ್ಗೆ ಶುರುವಾದರೆ ಮುಗಿಯುವುದು ಭಾನುವಾರ. ನೂರಾರು ಜೋಡಿ ಕೋಣ, ಒಂದೊಂದು ವಿಭಾಗಕ್ಕೂ ಸುತ್ತಿನ ಮೇಲೆ ಸುತ್ತು. ಹೆಸರಿರುವ ಓಟಗಾರ ರಾತ್ರಿಯಿಡೀ ಮತ್ತೆ ಮತ್ತೆ ಕೆಸರಿಗೆ ಇಳಿಯುತ್ತಾನೆ. ಸೆಮಿಫೈನಲ್, ಫೈನಲ್ ಎಲ್ಲ ಅವನಿಗೆ ಬರುವುದು ಕಣ್ಣೆವೆ ಜೋತುಬೀಳುವ ಹೊತ್ತಿನಲ್ಲಿ. ಹಿಂದಿನ ಸುತ್ತಿನ ಕೋಣ ಎಡಕ್ಕೆ ಎಳೆಯುವಂಥದ್ದು, ಈ ಸುತ್ತಿನದು ನೊಗ ಕಟ್ಟುವಾಗಲೇ ನೆಗೆಯುವಂಥದ್ದು. ಓಟ ಶುರುವಾಗುವ ಗಂತಿನಲ್ಲಿ ಕೋಣ ನಿಂತ ಭಂಗಿಯಲ್ಲೇ ಅದರ ಮನಸ್ಸು ಓದಿಕೊಳ್ಳಬೇಕು. ನವೆಂಬರಿನಿಂದ ಮಾರ್ಚ್, ಕೆಲವು ವರ್ಷ ಏಪ್ರಿಲ್‌ವರೆಗೂ ಹೆಚ್ಚುಕಡಿಮೆ ವಾರವಾರವೂ ಇದೇ. ಸೋಮವಾರ ಮತ್ತೆ ಕೂಲಿಗೋ, ತೋಟಕ್ಕೋ, ಕಟ್ಟಡದ ಕೆಲಸಕ್ಕೋ ಹೋಗುವವರೇ ಹೆಚ್ಚು.

ಗೆದ್ದರೆ ಪವನು. ಹಿರಿಯ ವಿಭಾಗದ ಮೊದಲ ಬಹುಮಾನ ಸಾಮಾನ್ಯವಾಗಿ ಎರಡು ಪವನು ಚಿನ್ನ, ಎರಡನೆಯದು ಒಂದು ಪವನು. ಕಿರಿಯಕ್ಕೆ ಅದರ ಅರ್ಧ. ಅದು ಹೋಗುವುದು ಕೋಣಗಳ ಯಜಮಾನರ ಹೆಸರಿಗೆ. ವರ್ಷವಿಡೀ ಒಂದು ಜೋಡಿಯನ್ನು ಸಾಕುವ ಖರ್ಚಿಗೆ ಎರಡು ಪವನು ಯಾವ ಮೂಲೆಗೂ ಸಾಲದೆಂಬುದು ಸತ್ಯ, ಯಜಮಾನರದು ಲಾಭದ ವ್ಯವಹಾರವಲ್ಲ, ಗೌರವದ ಹಟ. ಆದರೂ ಪತ್ರಿಕೆಯ ಫಲಿತಾಂಶದ ಪಟ್ಟಿ ನೋಡಿ: ಯಜಮಾನರ ಮನೆತನದ ಹೆಸರು ಮೊದಲು, ಕೊನೆಗೆ ‘ಓಡಿಸಿದವರು’ ಎಂದು ಒಂದು ಹೆಸರು. ಬಂಬ್ರಾಣಬೈಲು ವಂದಿತ್ ಶೆಟ್ಟಿಯಂಥ ಕಾಸರಗೋಡಿನ ಕಡೆಯ ಓಟಗಾರರನ್ನು ನಾವು ತಿಳಿದುಕೊಂಡದ್ದು ಆ ಕೊನೆಯ ಪದಗಳಿಂದಲೇ.

ಈ ವೃತ್ತಿಯ ನಡುವೆ ಕಾನೂನೂ ಕೈ ಹಾಕಿತ್ತು. 2014ರ ಮೇ ತಿಂಗಳ ಜಲ್ಲಿಕಟ್ಟು ತೀರ್ಪಿನ ನಂತರ ಕಂಬಳಕ್ಕೂ ಕಂಟಕ ಬಂತು. 2016ರ ಕೊನೆಯಲ್ಲಿ ಹೈಕೋರ್ಟ್ ತಡೆ ಹಾಕಿತು. 2017ರಲ್ಲಿ ರಾಜ್ಯ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಚರ್ಚೆಯೆಲ್ಲ ಕೋಣದ ಹಿಂಸೆ ಮತ್ತು ನಾಡಿನ ಸಂಸ್ಕೃತಿಯ ನಡುವೆ ನಡೆಯಿತು. ಬೆತ್ತದ ಮೇಲೆ ಮಿತಿ ಬಂದದ್ದು ಒಳ್ಳೆಯದೇ ಆಯಿತು, ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಸ್ಪ್ರಿಂಟ್ ಆಟಗಾರನ ಉತ್ತಮ ವರ್ಷಗಳು ಕೈಬೆರಳಲ್ಲಿ ಎಣಿಸುವಷ್ಟು. ಆ ಅನಿಶ್ಚಯದಲ್ಲಿ ಒಂದೆರಡು ಋತು ಕಳೆದುಕೊಂಡ ಓಟಗಾರರ ಕುರಿತು ಎರಡೂ ಪಕ್ಷದವರು ಹೆಚ್ಚು ಮಾತಾಡಲಿಲ್ಲ.

2020ರ ಆ ಗದ್ದಲದ ಬಾಲಂಗೋಚಿಯೂ ಕುತೂಹಲದ್ದು. ಐಕಳದ ಓಟ ನಡೆದು ಹದಿನೈದು ದಿನಕ್ಕೆ ವೇಣೂರಿನ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ನೂರು ಮೀಟರಿಗೆ ಇಳಿಸಿದರೆ 9.51. ಮರುವರ್ಷದ ಮಾರ್ಚ್‌ನಲ್ಲಿ ವೇಣೂರು-ಪೆರ್ಮುಡದಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡಿನಲ್ಲಿ ದಾಟಿದಾಗ ಅದೇ ಲೆಕ್ಕ 8.96ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮನುಷ್ಯನ ಕಾಲು ನೂರು ಮೀಟರಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಚುರುಕಾಗುವುದಿಲ್ಲ. ಕರೆಯಿಂದ ಕರೆಗೆ ಉದ್ದ ಬೇರೆ, ಕೆಸರಿನ ಆಳ ಬೇರೆ, ನೀರಿನ ಮಟ್ಟ ಬೇರೆ, ಕೋಣ ಬೇರೆ. ನೂರು ಮೀಟರಿಗೆ ಇಳಿಸುವ ಲೆಕ್ಕವೇ ಅರ್ಥವಿಲ್ಲದ್ದು ಎಂಬುದನ್ನು ಆ ಲೆಕ್ಕವೇ ತೋರಿಸಿಕೊಟ್ಟಿತು. ಗೆಲುವನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಹಿಡಿಯುವ ಲೇಸರ್ ಕಿರಣಗಳು ಇವತ್ತು ಓಟ ಮುಗಿಯುವ ಮಂಜೊಟ್ಟಿಯ ಬಳಿ ಇವೆ. ಅವು ಒಂದೇ ಕಂಬಳದ ಎರಡು ಜೋಡಿಗಳ ನಡುವೆ ನ್ಯಾಯ ಹೇಳಲು ಬಂದವು, ಜಮೈಕಾದವನ ಜತೆ ಜಗಳಕ್ಕಲ್ಲ.

ಶ್ರೀನಿವಾಸ ಗೌಡರು ಕ್ರೀಡಾ ಪ್ರಾಧಿಕಾರದ ಆ ಪರೀಕ್ಷೆಗೆ ಹೋಗಲಿಲ್ಲ. ಕಂಬಳದ ಋತು ನಡೆಯುತ್ತಿದೆ, ನನ್ನ ಗಮನ ಅಲ್ಲೇ ಎಂದರು. ಆಗ ಕೆಲವರು ಅವಕಾಶ ಕೈಚೆಲ್ಲಿದ ಎಂದು ಮರುಗಿದರು, ಹೆದರಿದ ಎಂದವರೂ ಉಂಟು. ನನಗೆ ಹಾಗನ್ನಿಸುವುದಿಲ್ಲ. ಅದಕ್ಕೆ ಆರು ತಿಂಗಳ ಹಿಂದಷ್ಟೇ, 2019ರ ಆಗಸ್ಟ್‌ನಲ್ಲಿ, ಮಧ್ಯಪ್ರದೇಶದ ಯುವಕನೊಬ್ಬ ಹಳ್ಳಿಯ ರಸ್ತೆಯಲ್ಲಿ ಬರಿಗಾಲಲ್ಲಿ 11 ಸೆಕೆಂಡಿನಲ್ಲಿ ನೂರು ಮೀಟರ್ ಓಡಿದನೆಂಬ ವಿಡಿಯೊ ಹೀಗೆಯೇ ಹರಿದಾಡಿತ್ತು. ಅವನನ್ನೂ ಹೀಗೆಯೇ ಕರೆಸಿ, ಭೋಪಾಲದ ಟ್ರ್ಯಾಕಿನಲ್ಲಿ ಕ್ಯಾಮೆರಾಗಳ ಮುಂದೆ ಓಡಿಸಿದರು. ಅವನು ಕೊನೆಯವನಾದ. ಮೂರು ದಿನ ದೇಶದ ಹೀರೊ ಆಗಿದ್ದವನನ್ನು ನಾಲ್ಕನೆಯ ದಿನ ಯಾರೂ ತಿರುಗಿ ನೋಡಲಿಲ್ಲ. ಮಿಜಾರಿನವರು ತಮ್ಮ ವಿದ್ಯೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಮಂತ್ರಿಗಳಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಆ ಬೇಡ ಎನ್ನುವ ಮಾತು ಅವರ ವೃತ್ತಿಯ ಅತ್ಯುತ್ತಮ ನಿರ್ಧಾರ. ಸ್ಕೇಟರ್‌ನ ಗಾಲಿ ಬಿಚ್ಚಿಸಿ, ಈಗ ಓಡಿ ತೋರಿಸು ಎಂದು ಯಾರೂ ಕೇಳುವುದಿಲ್ಲವಲ್ಲ.

2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿ ಕಂಬಳ ನಡೆಸಿದರು. ರಾಜಧಾನಿಯವರು ಲಕ್ಷಗಟ್ಟಲೆ ಸೇರಿ ನೋಡಿದರು, ಒಳ್ಳೆಯದಾಯಿತು. ಇನ್ನು ಆಗಬೇಕಾದ ಕೆಲಸ ಬೇರೆಯದು, ಗದ್ದಲವಿಲ್ಲದ್ದು. ಸ್ಕೇಟಿಂಗ್‌ನಲ್ಲಿ ಜೂನಿಯರ್ ಹುಡುಗನ ಓಟದ ಸಮಯವೂ ದಾಖಲಾಗುತ್ತದೆ. ಆನಂದಕುಮಾರ್ ಅವರ ಏಳಿಗೆಯನ್ನು ವರ್ಷವರ್ಷದ ಅಂಕಿಗಳಲ್ಲಿ ಓದಬಹುದು. ನಮ್ಮ ಓಟಗಾರನ ಬಗ್ಗೆ ಅಂಥದ್ದೊಂದು ಪುಸ್ತಕ ಬೇಕು: ಯಾವ ಕರೆ, ಎಷ್ಟು ಉದ್ದ, ಯಾವ ವಿಭಾಗ, ಯಾರ ಕೋಣ, ಎಷ್ಟು ಸಮಯ, ಹಲಗೆಯಾದರೆ ಎಷ್ಟು ಕೋಲು. ಸಮಯ ಅಳೆಯುವ ಯಂತ್ರ ಇದೆ, ಫಲಿತಾಂಶ ಹೇಳುವ ಧ್ವನಿವರ್ಧಕ ಇದೆ; ಬರೆದಿಡುವ ಒಬ್ಬ ಗುಮಾಸ್ತ ಮತ್ತು ಅದನ್ನು ಅಚ್ಚು ಹಾಕುವ ಮನಸ್ಸು ಸಾಕು. ಜಿಲ್ಲಾ ಕಂಬಳ ಸಮಿತಿ ಮನಸ್ಸು ಮಾಡಿದರೆ ಒಂದೇ ಋತುವಿನ ಕೆಲಸ. ಅದರ ಜತೆಗೇ ಕರೆಗೆ ಇಳಿಯುವ ಪ್ರತಿಯೊಬ್ಬನಿಗೂ ವಿಮೆ.

ಓದುಗರಿಗೊಂದು ಮಾತು. ಮುಂದಿನ ಸಲ ಉಪ್ಪಿನಂಗಡಿಗೋ ಪುತ್ತೂರಿಗೋ ಕಂಬಳ ನೋಡಲು ಹೋದರೆ ಎಲ್ಲರಂತೆ ಮಂಜೊಟ್ಟಿಯ ಬಳಿ ನೂಕುನುಗ್ಗಲಲ್ಲಿ ನಿಲ್ಲಬೇಡಿ. ಅಲ್ಲಿ ಕಾಣುವುದು ಗೆದ್ದವರ ಸಂಭ್ರಮ ಮಾತ್ರ. ಕರೆಯ ಮಧ್ಯಭಾಗದ ದಂಡೆಯ ಮೇಲೆ, ಮೈಗೆ ಕೆಸರು ಹಾರಿದರೂ ಪರವಾಗಿಲ್ಲವೆಂದು ನಿಂತುಕೊಳ್ಳಿ. ಅಡ್ಡಹಲಗೆಯ ಸುತ್ತು ಬಂದಾಗ ಕೋಣಗಳನ್ನು ಬಿಟ್ಟು ಹಲಗೆಯ ಮೇಲಿನ ಎರಡು ಪಾದಗಳನ್ನು ಮಾತ್ರ ನೋಡಿ.